ಒಂದೇ ಪಟ್ಟಿ

ಜನವರಿ ೨೬ರ ಬೆಳಿಗ್ಗೆ ನಮ್ಮ ಪಟ್ಟಣದ ಮನೆಗಳಲ್ಲಿ ರೇಡಿಯೋ ಸ್ವಲ್ಪ ಗಟ್ಟಿಯಾಗಿಯೇ ಮಾತನಾಡುತ್ತಿರುತ್ತದೆ. ದೆಹಲಿಯ ಮೆರವಣಿಗೆಯ ವೀಕ್ಷಕ ವಿವರಣೆ, ಕುದುರೆಗಳ ಖುರಪುಟದ ಸದ್ದು, ಸೈನಿಕರ ಹೆಜ್ಜೆಯ ಸಪ್ಪಳ, ನಡುನಡುವೆ ವಾದ್ಯವೃಂದದ ನಾದ, ಇವೆಲ್ಲ ಅಡುಗೆಮನೆಯ ಒಗ್ಗರಣೆಯ ಸದ್ದಿನೊಡನೆ ಬೆರೆತು ಕೇಳಿಬರುತ್ತವೆ. ನನ್ನಂಥ ಉಪಾಧ್ಯಾಯರು ಆ ಹೊತ್ತಿಗಾಗಲೇ ಶಾಲೆಯ ಅಂಗಳದಲ್ಲಿ ಬಾವುಟ ಏರಿಸಿ, ಎರಡು ಮಾತು ಹೇಳಿ, ಮಕ್ಕಳ ಕೈಗೆ ಸಿಹಿ ಹಂಚಿ ಮನೆಗೆ ಮರಳಿರುತ್ತೇವೆ.

ಕೆಲವು ವರ್ಷಗಳ ಹಿಂದೆ ಹಾಗೆ ಸಿಹಿ ಹಂಚುವಾಗ ಒಂಬತ್ತನೆಯ ತರಗತಿಯ ಹುಡುಗನೊಬ್ಬ ನನ್ನನ್ನು ಕೇಳಿದನು: “ಸಾರ್, ಆಗಸ್ಟ್ ೧೫ಕ್ಕೂ ಬಾವುಟ, ಜನವರಿ ೨೬ಕ್ಕೂ ಬಾವುಟ. ಆಗಲೂ ಲಾಡು, ಈಗಲೂ ಲಾಡು. ವ್ಯತ್ಯಾಸವೇನು?” ಅಂದು ಸ್ವಾತಂತ್ರ್ಯ ಬಂತು, ಇಂದು ಸಂವಿಧಾನ ಬಂತು ಎಂದು ಉತ್ತರ ಕೊಟ್ಟೆ. ಪರೀಕ್ಷೆಗೆ ಇಷ್ಟು ಸಾಕು. ಹುಡುಗ ತಲೆಯಾಡಿಸಿದನು; ಆದರೆ ಅವನಿಗೆ ತೃಪ್ತಿಯಾಗಲಿಲ್ಲವೆಂಬುದು ಮುಖದಲ್ಲಿಯೇ ಕಾಣುತ್ತಿತ್ತು. ನಿಜ ಹೇಳಬೇಕೆಂದರೆ ನನಗೂ ಆಗಲಿಲ್ಲ. ಅಂದು ಅವನಿಗೆ ಕೊಡಬೇಕಾಗಿದ್ದ ಉತ್ತರವನ್ನು ಇಂದು ಓದುಗರಾದ ನಿಮ್ಮ ಮುಂದೆ ಇಡುತ್ತಿದ್ದೇನೆ.

ಮೊದಲು ದಿನಾಂಕದ ವಿಚಾರ. ೧೯೨೯ರ ಡಿಸೆಂಬರಿನಲ್ಲಿ ಲಾಹೋರಿನಲ್ಲಿ ಸೇರಿದ ಕಾಂಗ್ರೆಸ್ ಅಧಿವೇಶನವು ಪೂರ್ಣ ಸ್ವರಾಜ್ಯವೇ ತನ್ನ ಗುರಿಯೆಂದು ಸಾರಿತು. ಜವಾಹರಲಾಲ್ ನೆಹರೂ ಅವರು ಅದರ ಅಧ್ಯಕ್ಷರು. ಮರುವರ್ಷ, ಅಂದರೆ ೧೯೩೦ರ ಜನವರಿ ೨೬ರ ಭಾನುವಾರ, ದೇಶದ ಊರೂರುಗಳಲ್ಲಿ ಜನರು ಕೂಡಿ ಆ ಪ್ರತಿಜ್ಞೆಯನ್ನು ಸ್ವೀಕರಿಸಿದರು. ಆದರೆ ಸ್ವಾತಂತ್ರ್ಯ ಬಂದದ್ದು ಬೇರೆ ದಿನ, ೧೯೪೭ರ ಆಗಸ್ಟ್ ೧೫ರಂದು. ಹರಕೆ ಹೊತ್ತ ದಿನ ಒಂದು, ಫಲ ಕೈಗೂಡಿದ ದಿನ ಇನ್ನೊಂದು. ೧೯೪೬ರ ಡಿಸೆಂಬರ್ ೯ರಂದು ಮೊದಲು ಸೇರಿದ ಸಂವಿಧಾನ ಸಭೆಯು ಮೂರು ವರ್ಷಗಳ ಸಮೀಪದ ಶ್ರಮದ ಬಳಿಕ ೧೯೪೯ರ ನವೆಂಬರ್ ೨೬ರಂದು ೩೯೫ ವಿಧಿಗಳೂ ೮ ಅನುಸೂಚಿಗಳೂ ಉಳ್ಳ ಸಂವಿಧಾನವನ್ನು ಅಂಗೀಕರಿಸಿತು. ಅದರ ಬಹುಭಾಗ ಜಾರಿಗೆ ಬರಲು ಇನ್ನೆರಡು ತಿಂಗಳು ತಡೆದು, ಹಳೆಯ ಹರಕೆಯ ದಿನವನ್ನೇ ಆರಿಸಿಕೊಂಡರು. ೧೯೫೦ರ ಜನವರಿ ೨೬ರಂದು ಭಾರತ ಗಣರಾಜ್ಯವಾಯಿತು; ಬಾಬು ರಾಜೇಂದ್ರ ಪ್ರಸಾದರು ರಾಷ್ಟ್ರಪತಿಗಳಾಗಿ ಪ್ರಮಾಣವಚನ ಸ್ವೀಕರಿಸಿದರು.

ಇಲ್ಲಿ ಗಮನಿಸಬೇಕಾದ ಒಂದು ಸಂಗತಿಯುಂಟು. ಇಡೀ ಸಂವಿಧಾನ ಎರಡು ತಿಂಗಳು ಕಾದಿದ್ದರೂ ಕೆಲವು ವಿಧಿಗಳು ನವೆಂಬರ್ ೨೬ರಂದೇ ಜಾರಿಗೆ ಬಂದವು. ಪೌರತ್ವದ ವಿಧಿಗಳು ಅವುಗಳಲ್ಲಿ ಸೇರಿವೆ. ಚುನಾವಣಾ ಆಯೋಗದ ವಿಧಿಯೂ ಸೇರಿದೆ. ಆ ಆಯೋಗ ಸ್ಥಾಪನೆಯಾದದ್ದು ೧೯೫೦ರ ಜನವರಿ ೨೫ರಂದು, ಗಣರಾಜ್ಯ ಹುಟ್ಟುವ ಹಿಂದಿನ ದಿನ. ೨೦೧೧ರಿಂದ ಆ ದಿನವನ್ನು ಮತದಾರರ ದಿನವೆಂದು ಆಚರಿಸುತ್ತಿದ್ದೇವೆ. ಮದುವೆಯ ಮನೆಯಲ್ಲಿ ದಿಬ್ಬಣ ಬರುವ ಮೊದಲೇ ಊಟದ ಎಲೆ ಎಷ್ಟು ಎಂದು ಎಣಿಸುವ ಹಿರಿಯರಿರುತ್ತಾರಷ್ಟೆ. ಆಯೋಗ ಅಂಥ ಹಿರಿಯನ ಹಾಗೆ ಮುಂಚಿತವಾಗಿ ಬಂದು ಕುಳಿತಿತು. ಯಾರು ಯಾರು ಲೆಕ್ಕಕ್ಕೆ ಬರುತ್ತಾರೆ ಎಂಬುದೇ ಈ ಹಬ್ಬದ ಮೊದಲನೆಯ ಪ್ರಶ್ನೆ.

ಕನ್ನಡ ಪಂಡಿತನಾದ್ದರಿಂದ ಎರಡು ಮಾತುಗಳ ಅರ್ಥವನ್ನು ಸ್ವಲ್ಪ ವಿಚಾರಿಸದೆ ಮುಂದೆ ಹೋಗಲಾರೆ, ಓದುಗರು ಕ್ಷಮಿಸಬೇಕು. ‘ಪ್ರಜೆ’ ಎಂಬ ಸಂಸ್ಕೃತ ಶಬ್ದಕ್ಕೆ ಸಂತಾನ, ಮಕ್ಕಳು ಎಂಬುದು ಮೂಲಾರ್ಥ. ರಾಜನು ತಂದೆ, ಆಳಿಸಿಕೊಳ್ಳುವವರು ಮಕ್ಕಳು ಎಂಬ ಭಾವನೆಯಿಂದ ಅದು ರಾಜನ ಅಧೀನರಿಗೆ ಹೆಸರಾಯಿತು. ರಾಜ–ಪ್ರಜೆ ಎಂಬುದು ಜೋಡಿಪದ, ಒಂದಿಲ್ಲದೆ ಇನ್ನೊಂದಿಲ್ಲ. ಗಣರಾಜ್ಯ ಬಂದಾಗ ನಾವು ಹೊಸ ಶಬ್ದವನ್ನು ಹುಡುಕಲಿಲ್ಲ. ಜೋಡಿಯಿಂದ ರಾಜನನ್ನು ತೆಗೆದು ಪ್ರಜೆಯನ್ನು ಮಾತ್ರ ಉಳಿಸಿಕೊಂಡೆವು. ಮಗುವೆಂದು ಕರೆಯಿಸಿಕೊಳ್ಳುತ್ತಿದ್ದವನೇ ಮನೆಯ ಯಜಮಾನನಾದನು, ಹೆಸರು ಮಾತ್ರ ಹಳೆಯದೇ ಉಳಿಯಿತು.

ಇನ್ನು ‘ಗಣ’. ಗುಂಪು, ಸಮೂಹ ಎಂದು ಇದರ ಅರ್ಥ. ಗಣನೆ, ಗಣಿತ ಎಂಬ ಮಾತುಗಳೂ ಇದರ ಬಳಗದವೇ. ಛಂದಸ್ಸನ್ನು ಓದಿದವರಿಗೆ ಇನ್ನೊಂದು ಗಣವೂ ಗೊತ್ತು. ಪದ್ಯದ ಪಾದದಲ್ಲಿ ಲಘುವಿರಲಿ ಗುರುವಿರಲಿ, ಪ್ರತಿಯೊಂದು ಅಕ್ಷರವೂ ಗಣದಲ್ಲಿ ಎಣಿಕೆಗೆ ಬರಲೇಬೇಕು; ಒಂದನ್ನು ಕೈಬಿಟ್ಟರೆ ಪಾದ ಕುಂಟುತ್ತದೆ. ಗಣರಾಜ್ಯವೆಂದರೆ ಎಲ್ಲರೂ ಗಣನೆಗೆ ಬರುವ ರಾಜ್ಯ ಎಂದು ನಾನು ತರಗತಿಯಲ್ಲಿ ಹೇಳುವುದುಂಟು. ಇದು ನಿಘಂಟಿನ ಅರ್ಥವಲ್ಲ, ಮೇಷ್ಟರ ಅರ್ಥ. ಆದರೂ ಚರಿತ್ರೆಯನ್ನು ನೋಡಿದರೆ ಇದು ಅಷ್ಟೇನೂ ತಪ್ಪಲ್ಲವೆಂದು ತೋರುತ್ತದೆ.

ನಮ್ಮಲ್ಲಿ ಸಭೆಗಳು ಹಿಂದೆ ಇರಲಿಲ್ಲವೆಂದಲ್ಲ. ವೈಶಾಲಿಯ ಲಿಚ್ಛವಿಗಳ ಗಣರಾಜ್ಯವನ್ನು ಪಾಠದಲ್ಲಿ ಓದಿದ್ದೀರಿ; ಅಲ್ಲಿ ಸಭೆಯಲ್ಲಿ ಕೂಡುತ್ತಿದ್ದವರು ಕ್ಷತ್ರಿಯ ಮನೆತನಗಳ ಮುಖ್ಯರು. ತಮಿಳುನಾಡಿನ ಉತ್ತರಮೇರೂರಿನಲ್ಲಿ ಹತ್ತನೆಯ ಶತಮಾನದ ಚೋಳ ಶಾಸನವೊಂದಿದೆ. ಓಲೆಗಳಲ್ಲಿ ಹೆಸರು ಬರೆದು ಗಡಿಗೆಯಲ್ಲಿ ಹಾಕಿ ಬಾಲಕನ ಕೈಯಿಂದ ಎತ್ತಿಸಿ ಊರ ಸಭೆಯವರನ್ನು ಆರಿಸುತ್ತಿದ್ದ ಕ್ರಮವನ್ನು ಅದು ವಿವರವಾಗಿ ಹೇಳುತ್ತದೆ. ನಿಜಕ್ಕೂ ಹೆಮ್ಮೆಪಡತಕ್ಕ ಸಂಗತಿ. ಆದರೆ ಯಾರ ಹೆಸರು ಓಲೆಗೆ ಏರಬಹುದೆಂಬುದನ್ನೂ ಅದೇ ಶಾಸನ ಹೇಳುತ್ತದೆ: ಕಂದಾಯ ಕೊಡುವ ಭೂಮಿಯಿರಬೇಕು, ಸ್ವಂತ ಮನೆಯಿರಬೇಕು, ವಯಸ್ಸು ೩೫ಕ್ಕೆ ಮೇಲೆ ೭೦ಕ್ಕೆ ಕೆಳಗಿರಬೇಕು, ವೇದಜ್ಞಾನವಿರಬೇಕು. ನಮ್ಮ ಕನ್ನಡ ಶಾಸನಗಳಲ್ಲಿ ಅಗ್ರಹಾರದ ಮಹಾಜನರು ಕೂಡಿ ತೀರ್ಮಾನ ಮಾಡಿದ ವಿಷಯ ಎಷ್ಟೋ ಕಡೆ ಬರುತ್ತದೆ. ಆ ಮಹಾಜನರ ಹೊಲವನ್ನು ಉಳುತ್ತಿದ್ದವರ ಅಭಿಪ್ರಾಯ ಏನಾಗಿತ್ತೆಂದು ಕಲ್ಲು ಹೇಳುವುದಿಲ್ಲ. ಓಲೆ ಇತ್ತು, ಗಡಿಗೆ ಇತ್ತು, ಸಭೆ ಇತ್ತು. ಎಲ್ಲರ ಹೆಸರೂ ಇರುವ ಪಟ್ಟಿ ಮಾತ್ರ ಇರಲಿಲ್ಲ.

ಹತ್ತಿರದ ಕಾಲಕ್ಕೆ ಬರೋಣ. ೧೮೮೧ರಲ್ಲಿ ಮೈಸೂರಿನ ರಾಜ್ಯಭಾರ ಮತ್ತೆ ಒಡೆಯರ ಮನೆತನಕ್ಕೆ ಸೇರಿದಾಗ ದಿವಾನ್ ರಂಗಾಚಾರ್ಲು ಅವರು ಪ್ರಜಾಪ್ರತಿನಿಧಿ ಸಭೆಯನ್ನು ಆರಂಭಿಸಿದರು. ಅದೇ ವರ್ಷ ದಸರೆಯ ಸಮಯದಲ್ಲಿ ೧೪೪ ಮಂದಿ ಸೇರಿದರು. ದೇಶೀಯ ಸಂಸ್ಥಾನವೊಂದರಲ್ಲಿ ಇದು ಬಲು ದೊಡ್ಡ ಹೆಜ್ಜೆ, ಮೈಸೂರಿನವರು ಮರೆಯಬಾರದ ಹೆಜ್ಜೆ. ಆದರೆ ಬಂದವರು ಜಮೀನುದಾರರು ಮತ್ತು ವರ್ತಕರು. ಅವರು ಅಹವಾಲು ಹೇಳಬಹುದಾಗಿತ್ತು, ಕಾನೂನು ಮಾಡುವಂತಿರಲಿಲ್ಲ. ಮುಂದೆ ಚುನಾವಣೆಯ ಕ್ರಮ ಬಂದಾಗಲೂ ಇಂತಿಷ್ಟು ಕಂದಾಯ ಕೊಡುವವರು, ಇಷ್ಟು ಓದಿದವರು ಎಂಬ ಬೇಲಿ ಉಳಿಯಿತು. ೧೯೨೩ರಲ್ಲಿ ಹೆಣ್ಣೆಂಬ ಕಾರಣಕ್ಕೆ ಇದ್ದ ಅಡ್ಡಿ ತೊಲಗಿತು, ಆಸ್ತಿಯ ಬೇಲಿ ಮಾತ್ರ ತೊಲಗಲಿಲ್ಲ.

ಬ್ರಿಟಿಷರು ನೇರವಾಗಿ ಆಳುತ್ತಿದ್ದ ಪ್ರಾಂತಗಳಲ್ಲಿ ಪಟ್ಟಿಗಳೇ ಬೇರೆ ಬೇರೆ. ೧೯೦೯ರ ಸುಧಾರಣೆಯಲ್ಲಿ ಮತಧರ್ಮವನ್ನು ನೋಡಿ ಪ್ರತ್ಯೇಕ ಮತದಾರ ವರ್ಗಗಳನ್ನು ಮಾಡಿದರು. ಮುಂದಿನ ಸುಧಾರಣೆಗಳಲ್ಲಿ ಅವು ಇನ್ನಷ್ಟು ಹೆಚ್ಚಿದವು. ೧೯೩೫ರ ಶಾಸನದ ಪ್ರಕಾರ ಮತದ ಹಕ್ಕು ಬಂದದ್ದು ಸುಮಾರು ಮೂರು ಕೋಟಿ ಜನಕ್ಕೆ. ಅದರಲ್ಲಿ ಅನೇಕ ಹೆಂಗಸರಿಗೆ ಹಕ್ಕು ದೊರೆತದ್ದು ಆಸ್ತಿವಂತನ ಹೆಂಡತಿ ಎಂಬ ಆಧಾರದ ಮೇಲೆ. ಅಂದರೆ ಗಂಡನ ನೆರಳಿನಲ್ಲಿ. ಹೀಗಿದ್ದರೂ ಆ ಬೇಲಿಯನ್ನು ದಾಟಲು ಯತ್ನಿಸಿದವರು ನಮ್ಮಲ್ಲಿಯೇ ಇದ್ದರು. ಮಂಗಳೂರಿನಲ್ಲಿ ಹುಟ್ಟಿದ ಕಮಲಾದೇವಿ ಚಟ್ಟೋಪಾಧ್ಯಾಯರು ೧೯೨೬ರಲ್ಲಿಯೇ ಮದರಾಸು ವಿಧಾನ ಪರಿಷತ್ತಿಗೆ ಸ್ಪರ್ಧಿಸಿ ಅತ್ಯಲ್ಪ ಅಂತರದಿಂದ ಸೋತರು. ಸೋತರೂ, ಮುಂದೆ ಚುನಾವಣೆಗೆ ನಿಂತ ಹೆಂಗಸರಿಗೆಲ್ಲ ಅದೊಂದು ದಾರಿಯಾಯಿತು.

ಈ ಹಿನ್ನೆಲೆಯನ್ನು ಮನಸ್ಸಿನಲ್ಲಿಟ್ಟುಕೊಂಡು ಸಂವಿಧಾನದ ಎರಡು ವಿಧಿಗಳನ್ನು ನೋಡಿರಿ. ೩೨೬ನೆಯ ವಿಧಿ ವಯಸ್ಕರಿಗೆಲ್ಲ ಮತದ ಹಕ್ಕನ್ನು ಕೊಡುತ್ತದೆ. ಅಂದು ೨೧ ವರ್ಷ ತುಂಬಿರಬೇಕಾಗಿತ್ತು. ೧೯೮೯ರಿಂದ ೧೮ ತುಂಬಿದರೆ ಸಾಕು. ಇದನ್ನು ಎಲ್ಲರೂ ಬಲ್ಲರು. ಅದರ ಹಿಂದಿನ ೩೨೫ನೆಯ ವಿಧಿಯನ್ನು ಅಷ್ಟಾಗಿ ಯಾರೂ ನೆನೆಯುವುದಿಲ್ಲ. ಪ್ರತಿಯೊಂದು ಕ್ಷೇತ್ರಕ್ಕೂ ಸಾಮಾನ್ಯವಾದ ಒಂದೇ ಮತದಾರರ ಪಟ್ಟಿ ಇರಬೇಕು. ಧರ್ಮ, ಜನಾಂಗ, ಜಾತಿ, ಲಿಂಗ ಇವುಗಳ ಕಾರಣದಿಂದಲೇ ಯಾರನ್ನೂ ಅದರಿಂದ ಹೊರಗಿಡತಕ್ಕದ್ದಲ್ಲ ಎಂಬುದು ಅದರ ತಾತ್ಪರ್ಯ. ಒಂದೇ ಪಟ್ಟಿ. ಇಷ್ಟು ಸಾಧುವಾದ ಮಾತಿನಲ್ಲಿ ಎಷ್ಟು ದೊಡ್ಡ ಕ್ರಾಂತಿ ಅಡಗಿದೆಯೆಂಬುದು ಆ ಪಟ್ಟಿಯನ್ನು ಬರೆಯಲು ಹೊರಟವರಿಗೆ ಗೊತ್ತಾಯಿತು.

ಬರೆಯುವ ಕೆಲಸ ಸಂವಿಧಾನ ಮುಗಿಯುವ ಮೊದಲೇ ಶುರುವಾಗಿತ್ತು. ಸಂವಿಧಾನ ಸಭೆಗೆ ಸಲಹೆಗಾರರಾಗಿದ್ದು ಮೊದಲ ಕರಡನ್ನು ಸಿದ್ಧಪಡಿಸಿದ ಬೆನಗಲ್ ನರಸಿಂಗ ರಾಯರು ನಮ್ಮ ದಕ್ಷಿಣ ಕನ್ನಡದವರು. ಆ ಸಭೆಯ ಕಚೇರಿಯೇ ೧೯೪೮ರಲ್ಲಿ ಪಟ್ಟಿಯ ಕಾರ್ಯವನ್ನು ಆರಂಭಿಸಿತು. ದೇಶ ವಿಭಜನೆಯಿಂದ ಮನೆಮಠ ಕಳೆದುಕೊಂಡು ಬಂದ ನಿರಾಶ್ರಿತರಿಗೆ ಕಾಯಂ ವಿಳಾಸವೆಲ್ಲಿಯದು? ಇಲ್ಲಿಯೇ ನೆಲಸುತ್ತೇವೆಂದು ಅವರು ಬರೆದುಕೊಟ್ಟರೆ ಸಾಕು, ಹೆಸರು ಸೇರಿಸಿರಿ ಎಂದು ನಿರ್ಧಾರವಾಯಿತು. ನೆಲೆಯಿಲ್ಲದವನಿಗೆ ಈ ದೇಶ ಮೊದಲು ಕೊಟ್ಟ ನೆಲೆ ಪಟ್ಟಿಯಲ್ಲಿನ ಒಂದು ಸಾಲು.

ಪಟ್ಟಿ ಸಿದ್ಧವಾದಾಗ ಅದರಲ್ಲಿದ್ದ ಹೆಸರುಗಳು ಸುಮಾರು ೧೭ ಕೋಟಿ ೩೦ ಲಕ್ಷ. ೧೯೫೧ರ ಜನಗಣತಿಯ ಪ್ರಕಾರ ಈ ದೇಶದಲ್ಲಿ ಅಕ್ಷರಸ್ಥರಾಗಿದ್ದವರು ನೂರಕ್ಕೆ ಸುಮಾರು ೧೮ ಮಂದಿ. ಓದು ಬಾರದವನು ಮತ ಹಾಕುವುದು ಹೇಗೆ ಎಂದು ಲೋಕ ಕೇಳಿತು. ಮೊದಲ ಮುಖ್ಯ ಚುನಾವಣಾ ಆಯುಕ್ತರಾದ ಸುಕುಮಾರ ಸೇನರು ಚಿಹ್ನೆಗಳನ್ನು ಕೊಟ್ಟರು: ಜೋಡೆತ್ತು, ಮರ, ಗುಡಿಸಲು, ಆನೆ, ದೀಪ. ಒಬ್ಬೊಬ್ಬ ಅಭ್ಯರ್ಥಿಗೂ ಒಂದೊಂದು ಪೆಟ್ಟಿಗೆ. ಅದರ ಮೇಲೆ ಚಿಹ್ನೆ. ಮತಪತ್ರವನ್ನು ಒಯ್ದು ಬೇಕಾದ ಪೆಟ್ಟಿಗೆಯಲ್ಲಿ ಹಾಕಿದರಾಯಿತು. ಇಪ್ಪತ್ತು ಲಕ್ಷಕ್ಕೂ ಹೆಚ್ಚು ಉಕ್ಕಿನ ಪೆಟ್ಟಿಗೆಗಳು ಬೇಕಾದವು. ಮತ ಹಾಕುವ ರೀತಿಯನ್ನು ಜನಕ್ಕೆ ತಿಳಿಸುವ ಹೊಣೆಯಲ್ಲಿ ಆಕಾಶವಾಣಿಗೂ ಪಾಲಿತ್ತು. ೧೯೫೧ರ ಅಕ್ಟೋಬರಿನಿಂದ ೧೯೫೨ರ ಫೆಬ್ರವರಿಯವರೆಗೆ ಚುನಾವಣೆ ನಡೆಯಿತು.

ಆಗ ಕನ್ನಡಿಗರು ಮೈಸೂರು, ಮುಂಬಯಿ, ಮದರಾಸು, ಹೈದರಾಬಾದು, ಕೊಡಗು ಎಂದು ಐದು ಆಡಳಿತಗಳಲ್ಲಿ ಹಂಚಿಹೋಗಿದ್ದರು. ಏಕೀಕರಣಕ್ಕೆ ೧೯೫೬ರ ನವೆಂಬರ್ ೧ರವರೆಗೆ ಕಾಯಬೇಕಾಯಿತು. ಆದರೂ ಒಂದು ಅರ್ಥದಲ್ಲಿ ಅದಕ್ಕೆ ಮೊದಲೇ ಅವರು ಒಂದಾಗಿದ್ದರು: ಮಹಾರಾಜರ ಸೀಮೆಯ ರೈತನೂ, ೧೯೪೮ರ ಸೆಪ್ಟೆಂಬರಿನವರೆಗೆ ನಿಜಾಮನ ಆಳ್ವಿಕೆಯಲ್ಲಿದ್ದ ಕಲಬುರಗಿಯ ಕೂಲಿಯವನೂ, ಕೊಡಗಿನ ತೋಟದ ಆಳೂ ಒಂದೇ ನಿಯಮದ ಪಟ್ಟಿಯಲ್ಲಿ ತಮ್ಮ ಹೆಸರನ್ನು ಕಂಡುಕೊಂಡಿದ್ದರು.

ಇನ್ನೊಂದು ತೊಡಕು ಪಟ್ಟಿ ಬರೆಯುವವರಿಗೆ ಎದುರಾಯಿತು. ಮುಖ್ಯವಾಗಿ ಉತ್ತರದ ಕೆಲವು ಪ್ರಾಂತಗಳಲ್ಲಿ ಲಕ್ಷಾಂತರ ಹೆಂಗಸರು ತಮ್ಮ ಹೆಸರನ್ನು ಪರಪುರುಷರಿಗೆ ಹೇಳಲು ಒಪ್ಪಲಿಲ್ಲ. ಇಂಥವನ ತಾಯಿ, ಇಂಥವನ ಹೆಂಡತಿ ಎಂದಷ್ಟೇ ಬರೆಸಿದರು. ಸುಕುಮಾರ ಸೇನರು ಇದನ್ನು ಒಪ್ಪಲಿಲ್ಲ. ಮತದಾರಳೆಂದರೆ ತನ್ನದೇ ಹೆಸರುಳ್ಳ ವ್ಯಕ್ತಿ. ಹೆಸರು ಹೇಳದಿದ್ದರೆ ಪಟ್ಟಿಯಲ್ಲಿ ಜಾಗವಿಲ್ಲ ಎಂದರು. ಸುಮಾರು ೮ ಕೋಟಿ ಮಹಿಳಾ ಮತದಾರರಲ್ಲಿ ೨೮ ಲಕ್ಷದಷ್ಟು ಮಂದಿ ಹೀಗೆ ಮೊದಲ ಚುನಾವಣೆಯಲ್ಲಿ ಹೊರಗುಳಿದರು. ಕಠಿಣ ನಿರ್ಧಾರವೇ ಹೌದು. ಆದರೆ ಅದೇ ಕಾಠಿಣ್ಯದಿಂದ ಮುಂದಿನ ಚುನಾವಣೆಗಳ ಹೊತ್ತಿಗೆ ಹೆಸರುಗಳು ಹೊರಬಂದವು. ೨೦೧೯ರ ಲೋಕಸಭೆಯ ಚುನಾವಣೆಯಲ್ಲಿ ಮತ ಹಾಕಿದ ಹೆಂಗಸರ ಪ್ರಮಾಣ ಗಂಡಸರ ಪ್ರಮಾಣವನ್ನು ಕೂದಲೆಳೆಯಷ್ಟು ಮೀರಿತೆಂದರೆ ಆ ಹಾದಿ ಎಷ್ಟು ದೂರ ಬಂದಿದೆಯೆಂಬುದನ್ನು ನೀವೇ ಊಹಿಸಬಹುದು.

ಇಷ್ಟು ಪುಸ್ತಕದ ಮಾತಾಯಿತು. ಇನ್ನು ನಮ್ಮ ಮನೆಯ ಮಾತನ್ನು ಹೇಳಬೇಕು. ಹೇಳಲು ಸ್ವಲ್ಪ ಸಂಕೋಚವಿದ್ದರೂ ಇದನ್ನು ಬಿಟ್ಟರೆ ಮೇಲಿನ ಅಂಕಿಸಂಖ್ಯೆಗಳಿಗೆ ಜೀವ ಬಾರದು.

ನನಗಾಗ ಒಂಬತ್ತೋ ಹತ್ತೋ ವರ್ಷ. ಅಂದರೆ ಸುಮಾರು ೧೯೮೦. ಜನವರಿ ೨೬ರ ಧ್ವಜವಂದನೆ ಮುಗಿಸಿ ಹಳ್ಳಿಯ ಶಾಲೆಯಿಂದ ಮನೆಗೆ ಬಂದೆ. ನಾವೆಲ್ಲರೂ ಸಮಾನರು ಎಂದು ಮೇಷ್ಟರು ಬಾಯಿಪಾಠ ಮಾಡಿಸಿದ್ದ ಮಾತನ್ನು ದಾರಿಯುದ್ದಕ್ಕೂ ಹೇಳಿಕೊಂಡು ಬಂದಿದ್ದೆ. ಮಧ್ಯಾಹ್ನ ಹಿತ್ತಿಲ ಬೇಲಿಯಾಚೆ ನಮ್ಮ ಕಣದಲ್ಲಿ ಕೆಲಸ ಮಾಡುತ್ತಿದ್ದ ಮುದುಕಿಯೊಬ್ಬಳು ನೀರು ಕೇಳಿದಳು. ಅವಳು ಕೇರಿಯವಳು. ಯಾವಾಗಲೂ ಮಾಡುತ್ತಿದ್ದಂತೆ ನಾನು ಚೊಂಬು ಹಿಡಿದು ಹೋಗಿ, ಬೊಗಸೆಯೊಡ್ಡಿ ಬಾಗಿದ ಅವಳ ಕೈಗೆ ಎತ್ತರದಿಂದ ನೀರು ಹೊಯ್ದೆ. ಚೊಂಬು ಅವಳ ಕೈಗೆ ತಗಲಬಾರದೆಂದು ನನಗೆ ಯಾರೂ ಅಂದು ಹೇಳಿರಲಿಲ್ಲ. ಹೇಳಬೇಕಾಗಿಯೂ ಇರಲಿಲ್ಲ, ಅಷ್ಟು ಅಭ್ಯಾಸವಾಗಿತ್ತು. ನೀರು ಹೊಯ್ಯುತ್ತಲೇ ನಾನು ಬೆಳಗಿನ ಪಾಠವನ್ನು ಗುನುಗುತ್ತಿದ್ದೆನಂತೆ. ಜಗುಲಿಯಲ್ಲಿ ಕುಳಿತಿದ್ದ ನಮ್ಮ ಅಜ್ಜಿ ಅದನ್ನು ಕೇಳಿ ನಕ್ಕರು. “ನಾವಿಬ್ಬರೂ ಸಮಾನರು ಅಂತ ಸರ್ಕಾರ ಎಂದೋ ಬರೆದಾಗಿದೆ ಮಗು. ಅವಳದೂ ನನ್ನದೂ ಒಂದೇ ಹಾಳೆ,” ಎಂದರು. ನನಗೆ ಅರ್ಥವಾಗಲಿಲ್ಲ. ಆಗ ಅವರು ಮೊದಲನೆಯ ಓಟಿನ ಕಥೆಯನ್ನು ಹೇಳಿದರು.

ಪಟ್ಟಿ ಬರೆಯುವವರು ಬಂದು ಮನೆಯಲ್ಲಿ ಯಾರು ಯಾರಿದ್ದೀರಿ ಎಂದು ಕೇಳಿದರಂತೆ. ಅಜ್ಜಿಗೆ ಮದುವೆಯಾಗಿ ಬಂದಾಗಿನಿಂದ ಹೆಸರಿನ ಅಗತ್ಯವೇ ಬಿದ್ದಿರಲಿಲ್ಲ. ಮೊದಲು ಸೊಸೆ, ಆಮೇಲೆ ದೊಡ್ಡವನ ತಾಯಿ. ತಾತ ಒಂದು ಗಳಿಗೆ ತಡವರಿಸಿದರಂತೆ. ಮರೆತಿದ್ದರೋ, ಹೆಂಡತಿಯ ಹೆಸರನ್ನು ಹತ್ತು ಜನರೆದುರು ಹೇಳಲು ನಾಚಿಕೊಂಡರೋ ತಿಳಿಯದು. ಅಜ್ಜಿ ಬಾಗಿಲ ಹಿಂದಿನಿಂದ ತಾವೇ ಹೇಳಿದರು. ಕೆಲವು ತಿಂಗಳಾದ ಮೇಲೆ ಶಾಲೆಯ ಮೇಷ್ಟರು ಚಾವಡಿಯಲ್ಲಿ ಪಟ್ಟಿಯನ್ನು ಗಟ್ಟಿಯಾಗಿ ಓದಿದರು. ನಮ್ಮದು ಬೀದಿಯ ಕೊನೆಯ ಮನೆ, ಆಮೇಲೆ ಕೇರಿ. ಅಜ್ಜಿಯ ಹೆಸರಾದ ಮೇಲೆ ನಾಲ್ಕಾರು ಹೆಸರು ಬಿಟ್ಟು, ಹಾಳೆ ಮಗುಚದೆಯೇ, ಕಣದಲ್ಲಿ ಕೆಲಸ ಮಾಡುವವಳ ಹೆಸರನ್ನು ಓದಿದರು. “ಅದೇ ಗಂಟಲಿನಲ್ಲಿ ಓದಿದರು ಕಣೋ,” ಎಂದು ಅಜ್ಜಿ ಹೇಳಿದ್ದು ನನ್ನ ಕಿವಿಯಲ್ಲಿ ಇಂದಿಗೂ ಇದೆ. ಅವಳಿಗೆ ಅಂಥ ಒಳ್ಳೆಯ ಹೆಸರಿದೆಯೆಂದು ಅಜ್ಜಿಗೆ ಗೊತ್ತಾದದ್ದು ಅಂದೇ. ಆಕೆಯ ಮಕ್ಕಳು ಮೊಮ್ಮಕ್ಕಳು ಇದ್ದಾರೆ. ಅವರ ಅಪ್ಪಣೆಯಿಲ್ಲದೆ ಆ ಹೆಸರನ್ನು ಅಚ್ಚಿನಲ್ಲಿ ಹಾಕುವುದು ಸಲ್ಲದು.

ಓಟಿನ ದಿನ ಹೆಂಗಸರ ಸಾಲಿನಲ್ಲಿ ಇಬ್ಬರೂ ಹಿಂದೆ ಮುಂದೆ ನಿಂತರು. ಅಜ್ಜಿ ಒಂದು ಮಾರು ಸರಿದು ನಿಂತರು, ಅವಳೂ ಸರಿದಳು. ಒಳಗೆ ಹೋದ ಮೇಲೆ ಸರಿಯಲು ಜಾಗವಿರಲಿಲ್ಲ. ಪೆಟ್ಟಿಗೆ ಇಬ್ಬರಿಗೂ ಅವೇ, ಬೆರಳಿಗೆ ಹಚ್ಚಿದ ಶಾಯಿ ಅದೇ. ಯಾವ ಪೆಟ್ಟಿಗೆಗೆ ಚೀಟಿ ಹಾಕಿದೆನೆಂದು ಅಜ್ಜಿ ತಾತನಿಗೂ ಹೇಳಲಿಲ್ಲವಂತೆ. ಮನೆಗೆ ಬಂದವರೇ ಬಾವಿಕಟ್ಟೆಯಲ್ಲಿ ಸ್ನಾನ ಮಾಡಿದರು.

“ಎರಡನೆಯ ಓಟಿನಲ್ಲೂ ಸ್ನಾನ ಮಾಡಿದಿರಾ?” ಎಂದು ನಾನು ಕೇಳಿದೆ. ಅಜ್ಜಿ ಬಹಳ ಹೊತ್ತು ಯೋಚಿಸಿದರು. “ಮಾಡಿದೆನೋ ಇಲ್ಲವೋ, ನೆನಪಿಲ್ಲ,” ಎಂದರು.

ಓದುಗರೆ, ಸಮಾಜ ಬದಲಾಗುವುದೆಂದರೆ ಹೀಗೆಯೇ ಎಂದು ನನಗೆ ತೋರುತ್ತದೆ. ಯಾವ ದಿನ ಬದಲಾಯಿತೆಂದು ಯಾರಿಗೂ ನೆನಪಿರುವುದಿಲ್ಲ. ಮಾಡಲೇಬೇಕೆಂದಿದ್ದದ್ದು ಒಂದು ದಿನ ಮರೆತುಹೋಗಿರುತ್ತದೆ, ಅಷ್ಟೆ. ಆದರೆ ಆ ಮಾತಿನಲ್ಲಿಯೇ ಸಮಾಧಾನಪಟ್ಟುಕೊಂಡರೆ ಆತ್ಮವಂಚನೆಯಾದೀತು. ಸ್ನಾನ ಮರೆತುಹೋಗಿತ್ತು, ಚೊಂಬು ಮರೆತುಹೋಗಿರಲಿಲ್ಲ. ಪಟ್ಟಿಯಾಗಿ ಮೂವತ್ತು ವರ್ಷಗಳ ಸಮೀಪವಾದ ಮೇಲೂ ಅದೇ ಹಾಳೆಯ ಹೆಸರಿನವಳಿಗೆ ನಾನು ಎತ್ತರದಿಂದ ನೀರು ಹೊಯ್ಯುತ್ತಿದ್ದೆ. ಮಗು ತಿಳಿಯದೆ ಮಾಡಿತೆನ್ನಬಹುದು. ನನ್ನ ಕೈ ಹಾಗೆನ್ನಲು ಒಪ್ಪುವುದಿಲ್ಲ.

ಸಂವಿಧಾನದ ಕರಡು ಸಮಿತಿಯ ಅಧ್ಯಕ್ಷರಾದ ಡಾಕ್ಟರ್ ಅಂಬೇಡ್ಕರರು ೧೯೪೯ರ ನವೆಂಬರ್ ೨೫ರಂದು ಸಭೆಯಲ್ಲಿ ಇದನ್ನೇ ಮುಂಗಂಡು ಎಚ್ಚರಿಸಿದ್ದರು. ಜನವರಿ ೨೬ರಿಂದ ನಾವು ವಿರೋಧಾಭಾಸದ ಬಾಳಿಗೆ ಕಾಲಿಡುತ್ತೇವೆ. ರಾಜಕೀಯದಲ್ಲಿ ಸಮಾನತೆಯಿರುತ್ತದೆ, ಸಾಮಾಜಿಕ ಮತ್ತು ಆರ್ಥಿಕ ಬಾಳಿನಲ್ಲಿ ಅಸಮಾನತೆಯಿರುತ್ತದೆ. ಈ ವಿರೋಧವನ್ನು ಬೇಗ ತೊಡೆಯದಿದ್ದರೆ ಕಷ್ಟಪಟ್ಟು ಕಟ್ಟಿದ ಪ್ರಜಾಪ್ರಭುತ್ವವೇ ಅಪಾಯಕ್ಕೀಡಾಗುತ್ತದೆ ಎಂಬುದು ಅವರ ಮಾತಿನ ಭಾವ. ಪಟ್ಟಿಯಲ್ಲಿ ಒಂದೇ ಹಾಳೆ, ಹಿತ್ತಿಲಲ್ಲಿ ಬೇಲಿ. ಅವರು ಹೇಳಿದ ವಿರೋಧವನ್ನು ನಾನು ಪುಸ್ತಕದಲ್ಲಿ ಓದುವ ಮೊದಲೇ ನಮ್ಮ ಹಿತ್ತಿಲಲ್ಲಿ ಕಂಡಿದ್ದೆ, ಕಂಡೆನೆಂದು ಮಾತ್ರ ತಿಳಿದಿರಲಿಲ್ಲ.

ಬೇಲಿಯನ್ನು ಕೀಳುವ ಕೆಲಸ ಸುಮ್ಮನೆ ನಿಂತಿತ್ತೆಂದೂ ಅಲ್ಲ. ೧೭ನೆಯ ವಿಧಿ ಅಸ್ಪೃಶ್ಯತೆಯನ್ನು ರದ್ದುಪಡಿಸಿತು. ಅದನ್ನು ಆಚರಿಸುವುದು ದಂಡನಾರ್ಹವೆಂದು ೧೯೫೫ರಲ್ಲಿ ಕಾನೂನಾಯಿತು. ನಮ್ಮ ರಾಜ್ಯದಲ್ಲಿ ದೇವರಾಜ ಅರಸರ ಕಾಲದಲ್ಲಿ, ೧೯೭೪ರ ಭೂಸುಧಾರಣೆಯಿಂದ ಗೇಣಿದಾರರು ಉಳುವ ಭೂಮಿಗೆ ಒಡೆಯರಾಗುವ ದಾರಿ ತೆರೆಯಿತು. ಅದೇ ದಶಕದಲ್ಲಿ ಸಚಿವ ಬಿ. ಬಸವಲಿಂಗಪ್ಪನವರು ತಲೆಯ ಮೇಲೆ ಮಲ ಹೊರುವ ಪದ್ಧತಿಯನ್ನು ನಿಲ್ಲಿಸಲು ಆಜ್ಞೆ ಮಾಡಿದರು. ೧೯೮೭ರ ಪಂಚಾಯತಿ ಚುನಾವಣೆಗಳಲ್ಲಿ ಕರ್ನಾಟಕವು ಹೆಂಗಸರಿಗೆ ಕಾಲುಭಾಗದ ಸ್ಥಾನಗಳನ್ನು ಮೀಸಲಿಟ್ಟಿತು. ೧೯೯೩ರಲ್ಲಿ ಇಡೀ ದೇಶಕ್ಕೆ ಮೂರನೆಯ ಒಂದು ಭಾಗವೆಂದು ಸಂವಿಧಾನವೇ ವಿಧಿಸಿತು. ಇವೆಲ್ಲ ಆದದ್ದು ಪಟ್ಟಿಯಲ್ಲಿ ಹೆಸರಿದ್ದವರು ತಮ್ಮ ಹೆಸರಿನ ಬೆಲೆಯನ್ನು ಕೇಳಿದ್ದರಿಂದ. ಮತಕ್ಕಾಗಿ ಕೇರಿಗೆ ಕಾಲಿಟ್ಟ ನಾಯಕನು ಅಲ್ಲಿಯ ದಾರಿಯ ಕೆಸರನ್ನು ಒಮ್ಮೆಯಾದರೂ ತುಳಿಯಲೇಬೇಕಾಯಿತಷ್ಟೆ.

ಕೊನೆಗೆ ಒಂದು ಶಬ್ದದ ವಿಚಾರ ಹೇಳಿ ಮುಗಿಸುತ್ತೇನೆ. ನಾವು ‘ಮತದಾನ’ ಎನ್ನುತ್ತೇವೆ. ದಾನವೆಂದರೆ ಪಾತ್ರನನ್ನು ನೋಡಿ, ಪ್ರತಿಫಲವನ್ನು ಬಯಸದೆ ಕೊಡುವುದು ಎಂದು ಹಿರಿಯರು ಹೇಳಿದ್ದಾರೆ. ಹಣಕ್ಕೋ ಸೀರೆಗೋ ಕೊಟ್ಟದ್ದು ವಿಕ್ರಯವಾದೀತು, ದಾನವಾಗದು. ಜಾತಿಯನ್ನು ನೋಡಿ ಕೊಟ್ಟದ್ದು ಪಾತ್ರವನ್ನು ನೋಡಿದಂತಾಗದು. ಮತದಾನ ಮಾಡಿದ ಬೆರಳಿಗೆ ಹಚ್ಚುವ ಅಳಿಸಲಾರದ ಶಾಯಿಯನ್ನು ೧೯೬೨ರ ಚುನಾವಣೆಯಿಂದ ನಮ್ಮ ಮೈಸೂರಿನ ಕಾರ್ಖಾನೆಯೇ ದೇಶಕ್ಕೆಲ್ಲ ಒದಗಿಸುತ್ತ ಬಂದಿದೆ. ಆ ಶಾಯಿ ಕೆಲವು ವಾರಗಳಲ್ಲಿ ಉಗುರಿನೊಡನೆ ಬೆಳೆದು ಹೋಗುತ್ತದೆ. ಕೊಟ್ಟ ಮತದ ಫಲ ಹಾಗೆ ಹೋಗುವುದಿಲ್ಲ.

೧೭ ಕೋಟಿಯಿಂದ ಆರಂಭವಾದ ಆ ಪಟ್ಟಿ ೨೦೨೪ರ ಚುನಾವಣೆಯ ಹೊತ್ತಿಗೆ ಸುಮಾರು ೯೭ ಕೋಟಿಯಾಗಿತ್ತು. ಬರುವ ಜನವರಿ ೨೬ರಂದು, ರೇಡಿಯೋದಲ್ಲಿ ಮೆರವಣಿಗೆಯ ವಿವರಣೆ ಮುಗಿದ ಮೇಲೆ, ನಿಮ್ಮಲ್ಲಿ ಒಂದು ವಿಜ್ಞಾಪನೆ. ನಿಮ್ಮ ಭಾಗದ ಮತದಾರರ ಪಟ್ಟಿಯನ್ನು ತರಿಸಿ ನಿಮ್ಮ ಹೆಸರನ್ನು ಹುಡುಕಿರಿ. ಸಿಕ್ಕಿದ ಮೇಲೆ ಅಲ್ಲಿಗೇ ನಿಲ್ಲಿಸಬೇಡಿ. ಅದರ ಮೇಲಿನ ಹೆಸರುಗಳನ್ನೂ ಕೆಳಗಿನ ಹೆಸರುಗಳನ್ನೂ ಮನೆಯವರೆಲ್ಲ ಕೇಳುವಂತೆ ಒಮ್ಮೆ ಗಟ್ಟಿಯಾಗಿ ಓದಿರಿ. ನಿಮ್ಮ ಮನೆಯಲ್ಲಿ ಪಾತ್ರೆ ತೊಳೆಯುವವಳ ಪೂರ್ತಿ ಹೆಸರು ನಿಮಗೆ ಗೊತ್ತಿದೆಯೇ? ಅವಳ ಹೆಸರು ಪಟ್ಟಿಯಲ್ಲಿದೆಯೇ? ಇಲ್ಲದಿದ್ದರೆ ಸೇರಿಸಲು ನೆರವಾಗಿರಿ. ಇದ್ದರೆ, ಅವಳು ಕಾಫಿ ಕುಡಿಯುವ ಲೋಟ ನಿಮ್ಮ ಲೋಟಗಳ ಜೊತೆಯಲ್ಲಿಯೇ ಇದೆಯೋ, ಬೇರೆ ಗೂಡಿನಲ್ಲಿದೆಯೋ ಎಂದೂ ನೋಡಿಕೊಳ್ಳಿರಿ.

ಆ ಹುಡುಗ ಈಗ ಶಾಲೆ ಬಿಟ್ಟು ಹೋಗಿದ್ದಾನೆ. ಅವನಿಗೂ ಹದಿನೆಂಟು ತುಂಬಿರಬೇಕು. ಎಲ್ಲಿಯಾದರೂ ಸಿಕ್ಕಿದರೆ ಹೇಳುತ್ತೇನೆ: ಆಗಸ್ಟ್ ೧೫ರಂದು ಹೊರಗಿನವರು ಈ ಮ��ೆಯನ್ನು ಬಿಟ್ಟು ಹೋದರಪ್ಪ. ಮನೆಯಲ್ಲಿ ಯಾರು ಯಾರಿದ್ದೇವೆಂದು ನಾವು ಒಂದೇ ಹಾಳೆಯ ಮೇಲೆ ಬರೆದುಕೊಳ್ಳಲು ಒಪ್ಪಿಕೊಂಡದ್ದು ಜನವರಿ ೨೬ರಂದು. ಬರೆದದ್ದನ್ನು ನಡೆಸುವ ಕೆಲಸ ಇನ್ನೂ ಇದೆ. ಅದರಲ್ಲಿ ನಿನ್ನ ಪಾಲೂ ಉಂಟು.